ಬೈಗುಳ ಕೇಳಿದರೆ ಉಣ್ಣುವ ಮರಿ

ಹೊಲಿಗೆ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಚೂಟಿಗೆ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ ಎಂದು ನಿನ್ನ ಗೆಳತಿಯಿಂದ ತಿಳಿಯಿತು. ವಿಳಾಸವನ್ನೂ ಕಾಡಿ ಬೇಡಿ ಅವಳಿಂದಲೇ ಪಡೆದೆ, ಪಾಪ, ಅವಳ ಮೇಲೆ ರೇಗಬೇಡ. ಅಲ್ಲಿನ ದೊಡ್ಡ ಪಾತ್ರೆಗಳನ್ನು ಒಬ್ಬಳೇ ಎತ್ತಬೇಡ, ಸೊಂಟ ಹಿಡಿದುಕೊಂಡರೆ ಮುಲಾಮು ಹಚ್ಚುವುದಕ್ಕೂ ಅಲ್ಲಿ ಯಾರೂ ಇಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೆ ಓದಿ ಹರಿ. ನನ್ನದೇನು, ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ಹೆಬ್ಬಾತಿನ ಮರಿ ಮಾತ್ರ ಸಾಯುತ್ತಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಏಳು ಮೊಟ್ಟೆಗಳನ್ನು ರಟ್ಟಿನ ಡಬ್ಬದಲ್ಲಿಟ್ಟು, ಮೇಲೆ ಬಲ್ಬು ಉರಿಸಿ, ಒಂದು ತಿಂಗಳಿಡೀ ಅವುಗಳ ಜೊತೆ ಮಾತಾಡಿಕೊಂಡು ಕೂತಿದ್ದೆಯಲ್ಲ, ಆಗೆಲ್ಲ ನಾನು ಮೇಲೆ ನಗುತ್ತಿದ್ದರೂ ಒಳಗೊಳಗೇ ಹೊಟ್ಟೆಕಿಚ್ಚು ಪಡುತ್ತಿದ್ದೆ ಕಣೇ. ಗಂಡನ ಮನೆ ಬಿಟ್ಟು ಬಂದು ಎಂಟು ತಿಂಗಳಾದರೂ ಹೆತ್ತವಳ ಹತ್ತಿರ ಬಾಯಿ ಬಿಡದವಳು ಮೊಟ್ಟೆಯ ಮುಂದೆ ಪುರಾಣ ಬಿಚ್ಚುತ್ತಾಳಲ್ಲ ಎಂದು. ಏಳರಲ್ಲಿ ಒಂದೇ ಒಂದು ಒಡೆದು ಮರಿ ಬಂತು, ನೀನು ಅದನ್ನು ಅಂಗೈಯಲ್ಲಿ ಹಿಡಿದು ನನಗೆ ತೋರಿಸಲು ಓಡಿ ಬಂದೆ. ನನ್ನ ಮುಂದೆ ಶಾಲೆಯ ಸಮವಸ್ತ್ರಗಳ ರಾಶಿ, ಸೂಜಿ ಬೇರೆ ಮುರಿದಿತ್ತು. "ಮನೇಲಿ ಒಂದು ಹೊರೆ ಸಾಲ್ದು ಅಂತ ಇನ್ನೊಂದಾ?" ಎಂದುಬಿಟ್ಟೆ. ಎಲುಬಿಲ್ಲದ ನಾಲಿಗೆ, ನೋಡು. ಮಾರನೆಯ ಬೆಳಿಗ್ಗೆ ನೀನೂ ಇರಲಿಲ್ಲ, ನಿನ್ನ ಚೀಲವೂ ಇರಲಿಲ್ಲ. ಮರಿ ಡಬ್ಬದಲ್ಲಿ ಕಿರುಚಿಕೊಳ್ಳುತ್ತಿತ್ತು.

ಇದನ್ನು ಸಾಕಿ ತೋರಿಸುತ್ತೇನೆ ಎಂದು ಹಟ ಹುಟ್ಟಿತು. ಬಾತು ಎಂದ ಮೇಲೆ ನೀರು ಬೇಡವೇ ಎಂದುಕೊಂಡು ಬಚ್ಚಲಿನ ಟಬ್ಬು ತುಂಬಿಸಿ ಅದರಲ್ಲಿ ಬಿಟ್ಟೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಒಂದು ನಿಮಿಷವೂ ಆಗಿರಲಿಲ್ಲ, ಒದ್ದೆ ಹತ್ತಿಯ ಉಂಡೆಯಾಗಿ ಮುಳುಗತೊಡಗಿತು. ಎತ್ತಿ ಮಡಿಲಿಗೆ ಹಾಕಿಕೊಂಡು ಪಶುವೈದ್ಯೆಯ ಹತ್ತಿರ ಓಡಿದೆ. ತಾಯಿಯ ರೆಕ್ಕೆಯಡಿ ಮಲಗುವ ಮರಿಗೆ ತಾಯಿಯ ಮೈಯ ಎಣ್ಣೆ ಅಂಟಿರುತ್ತದಂತೆ, ಅದಕ್ಕೇ ನೀರು ತಾಗುವುದಿಲ್ಲವಂತೆ. ತಾಯಿ ಇಲ್ಲದ ಮರಿಯನ್ನು ನೀರಿಗೆ ಬಿಡುವುದೂ ಒಂದೇ, ಕೊಲ್ಲುವುದೂ ಒಂದೇ ಅಂತೆ. "ಅಷ್ಟೂ ಗೊತ್ತಾಗ್ಲಿಲ್ವೇನಮ್ಮಾ?" ಎಂದರು ಆಕೆ. ತಲೆ ತಗ್ಗಿಸಿಕೊಂಡು ಬಂದೆ.

ಅಂದಿನಿಂದ ಅದಕ್ಕೆ ಮೈ ಬಿಸಿಯೇರಲಿಲ್ಲ. ನುಣುಪು ನೆಲದ ಮೇಲೆ ಬಿಟ್ಟದ್ದಕ್ಕೆ ಕಾಲುಗಳು ಬೇರೆ ಆಚೆಗೊಂದು ಈಚೆಗೊಂದು ಜಾರಿ ಅಗಲವಾಗಿಬಿಟ್ಟವು. ಎರಡೂ ಕಾಲು ಸೇರಿಸಿ ಪಟ್ಟಿ ಕಟ್ಟಬೇಕು ಎಂದು ವೈದ್ಯೆ ಹೇಳಿದ್ದರಿಂದ ಮೃದುವಾದ ಎಲಾಸ್ಟಿಕ್ ಕತ್ತರಿಸಿ, ಅಂಚು ಮಡಿಚಿ, ಚರ್ಮಕ್ಕೆ ಒತ್ತದಂತೆ ಒಳಗೆ ಹತ್ತಿ ಬಟ್ಟೆ ಕೊಟ್ಟು ಹೊಲಿದೆ. ನಾಲ್ಕು ಸಲ ಬಿಚ್ಚಿ ಹೊಲಿದೆ. ಇಷ್ಟು ನಾಜೂಕಾಗಿ ಯಾವ ಗಿರಾಕಿಗೂ ಹೊಲಿದವಳಲ್ಲ ನಾನು. ಕಾಲಿಗೆ ಬಲ ಬರಲೆಂದು ಯೀಸ್ಟ್ ಪುಡಿ ಬೆರೆಸಿದ ನುಚ್ಚು, ಸಣ್ಣಗೆ ಹೆಚ್ಚಿದ ಸೊಪ್ಪು, ಎಲ್ಲ ಮುಂದಿಟ್ಟರೂ ಕೊಕ್ಕು ತೆರೆಯಲಿಲ್ಲ. ಮುಖ ಗೋಡೆಗೆ.

ಆಮೇಲೆ ಒಂದು ದಿನ ಫೋನಿನಲ್ಲಿ ನಿನ್ನ ಆ ಧ್ವನಿ ಸಂದೇಶ ಹಾಕಿಕೊಂಡು ಕೇಳುತ್ತಾ ಕೂತಿದ್ದೆ. ನೀನು ಹೋದ ದಿನ ನನ್ನ ಹದಿನಾಲ್ಕು ಕರೆಗೆ ಉತ್ತರವಾಗಿ ಕಳಿಸಿದ್ದು: "ಹೊರೆ ಇಳೀತಲ್ಲ, ಇನ್ನು ಆರಾಮಾಗಿರು. ಸತ್ರೂ ಆ ಹೊಸಿಲು ತುಳಿಯಲ್ಲ ನಾನು." ನಿನ್ನ ದನಿ ಕೇಳಿದ್ದೇ ತಡ, ಮರಿ ಕತ್ತೆತ್ತಿ ಕೂಗಿತು! ಫೋನನ್ನು ಬಟ್ಟಲಿನ ಪಕ್ಕ ಇಟ್ಟೆ. ತೆವಳಿಕೊಂಡು ಬಂದು ತಿಂದಿತು. ಮೊಟ್ಟೆಯೊಳಗಿದ್ದಾಗಲೇ ಕೇಳಿದ ದನಿ, ಅದಕ್ಕೆ ನೀನೇ ತಾಯಿ. ಅಂದಿನಿಂದ ದಿನಕ್ಕೆ ನಾಲ್ಕು ಹೊತ್ತು ಆ ಬೈಗುಳ ಹಾಕಿಯೇ ಉಣಿಸುತ್ತಿದ್ದೇನೆ. ನೀನು "ಆರಾಮಾಗಿರು" ಎನ್ನುವ ಹೊತ್ತಿಗೆ ಸರಿಯಾಗಿ ಅದು ಕೊಕ್ಕನ್ನು ನುಚ್ಚಿಗೆ ಹಾಕುತ್ತದೆ. ಅಳತೆ ಕೊಡಲು ಬಂದ ಗಿರಾಕಿಗಳೂ ಕೇಳಿಸಿಕೊಂಡು ಮುಖ ಮುಖ ನೋಡುತ್ತಾರೆ, ಎದುರುಮನೆ ಟೀಚರಿಗಂತೂ ಬಾಯಿಪಾಠವಾಗಿದೆ. ಮಾನ ಹೋದರೆ ಹೋಗಲಿ, ಮರಿ ಉಳಿಯಲಿ ಎಂದುಕೊಂಡೆ.

ಇವತ್ತು ಬೆಳಿಗ್ಗೆಯಿಂದ ಆ ಬೈಗುಳಕ್ಕೂ ತಲೆ ಎತ್ತುತ್ತಿಲ್ಲ. ಆರು ಸಲ ಹಾಕಿದೆ. ಕಣ್ಣಿಗೆ ಪೊರೆ ಬಂದ ಹಾಗಿದೆ, ಎಡಗಾಲು ತಣ್ಣಗಿದೆ. ಇಸ್ತ್ರಿ ಮೇಜಿನ ಬಿಸಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ನನ್ನ ಕೈಗೆ ಬಂದದ್ದೆಲ್ಲ ಹೀಗೇ ಆಗುತ್ತದೆ ಚೂಟಿ, ಒಳ್ಳೆಯದು ಮಾಡಲು ಹೋಗಿ ಮುಳುಗಿಸಿಬಿಡುತ್ತೇನೆ. ನನ್ನ ಮುಖ ನೋಡಬೇಡ. ನಾನು ಎದುರುಮನೆಯಲ್ಲಿ ಕೂತಿರುತ್ತೇನೆ, ನೀನು ಬಂದು ಅದಕ್ಕೆ ಒಂದು ಸಲ ನಿನ್ನ ಬಾಯಿಂದಲೇ ಮಾತು ಕೊಟ್ಟು ಹೋಗು. ಬೇರೇನೂ ಕೇಳುವುದಿಲ್ಲ.

ಎಲ್ಲಿದ್ದರೂ ತಣ್ಣಗಿರು. ಊರಿಗೆಲ್ಲ ಬಡಿಸಿ ನೀನು ಉಪವಾಸ ಮಲಗಬೇಡ.

ನಿನ್ನ,
ಬಾಯಿ ಕೆಟ್ಟ ಅಮ್ಮ

ತಾ.ಕ.: ಗುರುವಾರ. ಅಂಚೆಗೆ ಹಾಕುವ ಧೈರ್ಯ ಬಾರದೆ ಇದು ಇಲ್ಲೇ ಬಿದ್ದಿತ್ತು. ಮರಿ ಸೋಮವಾರ ಸಂಜೆ ಕಣ್ಣು ಬಿಟ್ಟಿತು, ಮಂಗಳವಾರ ಎದ್ದು ನಿಂತಿತು. ಪಟ್ಟಿ ಬಿಚ್ಚಿದ್ದೇನೆ. ಯಾರು ಕೊಟ್ಟರೂ ತಿನ್ನುತ್ತದೆ, ನಾನು ಹೋದಲ್ಲೆಲ್ಲ ಹಿಂದೆಯೇ ಬರುತ್ತದೆ. ನಿನ್ನನ್ನು ಕರೆಯಲು ನನಗಿದ್ದ ಒಂದೇ ನೆಪ ಈಗ ಮನೆ ತುಂಬ ಓಡಾಡುತ್ತಿದೆ. ಅದಕ್ಕಿನ್ನು ಆ ಸಂದೇಶ ಬೇಡ. ನಾನೇ ಈಗಲೂ ನಾಲ್ಕು ಹೊತ್ತು ಹಾಕಿಕೊಂಡು ಕೂರುತ್ತೇನೆ. ಬೈದರೂ ಸರಿ ಮಗಳೇ, ಹೊಸದೊಂದು ಕಳಿಸು.