ಹೊರಗಾಗಿಲ್ಲ ಎಂಬ ಮಾತು

ಬಂಡೆಯೂರು
ಫೆಬ್ರವರಿ ಮೂವತ್ತೊಂದು, ಇಸವಿ ಎರಡು ಸಾವಿರದ ಮುನ್ನೂರ ಹತ್ತು

ಹೊತ್ತು ಮುಳುಗುವ ಗಂಟೆ. ಮನೆಗಳ ಕದಗಳು ಈಗಷ್ಟೇ ತೆರೆದಿವೆ. ಇವತ್ತು ಹಗಲೆಲ್ಲ ರಾಗಿ ಹಸನು ಮಾಡಿದೆವು. ನೀರು ಬಂತು. ಬೆಳಗಿನ ಆ ಮಾತಾದ ಮೇಲೆ ಅತ್ತೆ ಮಧ್ಯಾಹ್ನದವರೆಗೆ ನನ್ನೊಡನೆ ಮಾತಾಡಲಿಲ್ಲ, ಆಮೇಲೆ ಮಾತಾಡಿದರು.

ಹಿಂದಿನ ಕಾಲದ ಅಕ್ಕತಂಗಿಯರೇ, ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಇಷ್ಟು ದಿನ ಯಾಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಮರೆತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತೇನೆ. ಹಿಂದಂಚೆಯೆಂದರೆ ಆಗಿಹೋದ ಕಾಲಕ್ಕೆ ಬರೆದ ಕಾಗದಗಳನ್ನು ಬಿಡುವ ಬಾವಿ. ಅವು ತಲುಪುತ್ತವೆ ಎನ್ನುತ್ತಾರೆ. ಯಾರಿಗೂ ಉತ್ತರ ಬಂದದ್ದನ್ನು ನಾನು ನೋಡಿಲ್ಲ.

ಬಿಸಿಲು ತಾಳಲಾರದೆ ನಮ್ಮ ಹಿರಿಯರು ದುರ್ಗದ ಬಂಡೆಗಳನ್ನು ಕೊರೆದು ಒಳಗೆ ಮನೆ ಮಾಡಿಕೊಂಡರು. ಹಗಲು ಕದ ಹಾಕಿಕೊಂಡು ಒಳಗಿರುತ್ತೇವೆ. ಬೆಳಗಿನ ಜಾವ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಹೊರಗೆ ಹೋಗಬಹುದು. ಪ್ರತಿ ಮನೆಯ ಗೋಡೆಯಲ್ಲೂ ಒಂದು ಹಿರಿದನಿ ಇರುತ್ತದೆ. ಮನೆಯಲ್ಲಿ ಕೊನೆಯದಾಗಿ ತೀರಿಕೊಂಡ ಹಿರಿಯರ ದನಿಯಲ್ಲಿ ಮಾತಾಡುವ ಯಂತ್ರ ಅದು. ಕದ ತೆರೆಯುವುದು, ನೀರು ಬಿಡುವುದು, ಔಷಧಿ ಕೊಡುವುದು ಅದರ ಕೆಲಸ. ನಮ್ಮ ಗೋಡೆಯಲ್ಲಿರುವುದು ನನ್ನ ಗಂಡ ಓಬಳೇಶನ ಅಜ್ಜಿ, ಬೋರಜ್ಜಿ. ಅವರು ತೀರಿಕೊಂಡ ಮೇಲೆ ನಾನು ಈ ಮನೆಗೆ ಸೊಸೆಯಾಗಿ ಬಂದೆ. ಹಾಗಾಗಿ ಆ ಅಜ್ಜಿಯ ಮುಖ ನಾನು ಕಂಡಿಲ್ಲ. ಕೆಮ್ಮು ಮಾತ್ರ ಚೆನ್ನಾಗಿ ಗೊತ್ತು. ಮಾತಿನ ನಡುವೆ ಅವರು ಕೆಮ್ಮುತ್ತಿದ್ದರಂತೆ, ಗೋಡೆಯೂ ಕೆಮ್ಮುತ್ತದೆ.

ನನಗೆ ಚಿಕ್ಕಂದಿನಿಂದ ಥೈರಾಯ್ಡ್ ಇದೆ. ಹೆಸರು ನಿಮ್ಮ ಕಾಲದ್ದೇ, ಕಾಯಿಲೆಯೂ ನಿಮ್ಮ ಕಾಲದ್ದೇ. ಕತ್ತಿನಲ್ಲಿರುವ ಗ್ರಂಥಿ ಸೋಮಾರಿ. ಅದು ಮಾಡದ ಕೆಲಸವನ್ನು ಮಾತ್ರೆ ಮಾಡುತ್ತದೆ. ಬೆಳಗಾಗುತ್ತಲೇ ಅಜ್ಜಿ ಗೋಡೆಯ ಗೂಡಿನಲ್ಲಿ ಮಾತ್ರೆ ಇಡುತ್ತದೆ. ಬರಿ ಹೊಟ್ಟೆಯಲ್ಲಿ ನುಂಗಿ, ಸ್ವಲ್ಪ ಹೊತ್ತು ತಡೆದು ಟೀ ಕುಡಿಯುತ್ತೇನೆ.

ಹೋದ ವರ್ಷ ನನಗೆ ತಿಂಗಳು ನಿಂತಿತು. ಬಸಿರು ಎಂಬ ಮಾತನ್ನು ಮೂರು ತಿಂಗಳು ತುಂಬುವ ಮೊದಲು ಆಡಬಾರದು ಎಂಬುದು ನಿಮ್ಮಿಂದಲೇ ನಮಗೆ ಬಂದದ್ದು. ನಮ್ಮಲ್ಲಿ ಅದಕ್ಕೆ ಇನ್ನೊಂದು ಭಯ ಸೇರಿಕೊಂಡಿದೆ. ಗೋಡೆಯಲ್ಲಿರುವುದು ಸತ್ತವರ ದನಿ. ಸತ್ತವರ ಕಿವಿಗೆ ಆ ಮಾತು ಬಿದ್ದರೆ ಕೂಸನ್ನು ಕರೆದುಕೊಂಡು ಹೋಗುತ್ತಾರೆ ಎನ್ನುತ್ತಾರೆ. ಆದರೆ ಮಾತ್ರೆಯ ಅಳತೆ ಹೆಚ್ಚಿಸಬೇಕಾದರೆ ಗೋಡೆಗೆ ಹೇಳಲೇಬೇಕು. ದಾದಿಯನ್ನು ಕರೆಯುವುದು ಅದೇ. ಆದ್ದರಿಂದ ಮುಟ್ಟಿನ ಮಾತನ್ನು ಹೆಂಗಸರು ಹೇಳುವ ಹಾಗೆ ಮರ್ಯಾದೆಯಿಂದ ಹೇಳಿದೆ.

"ಅಜ್ಜಿ, ನಾನು ಹೊರಗಾಗಿಲ್ಲ."

"ಅಯ್ಯೋ ಮಗಾ! ಎಷ್ಟು ದಿನಾತು?"

"ತಿಂಗಳ ಮೇಲಾತು. ಸುಸ್ತು ಜಾಸ್ತಿ."

"ಆಗ್ದೆ ಇರ್ತೈತಾ ಮತ್ತೆ! ಇರು, ಮಾತ್ರೆ ಸೇರಿಸ್ತೀನಿ."

ಮರುದಿನ ಗೂಡಿನಲ್ಲಿ ಇನ್ನೊಂದು ಮಾತ್ರೆ ಹೆಚ್ಚಾಗಿತ್ತು. ಅತ್ತೆ ಗೋಡೆಗೆ ಕೈಮುಗಿದರು. ನಾನು ಎರಡನ್ನೂ ಒಟ್ಟಿಗೆ ನುಂಗಿದೆ. ದಾದಿ ಬರಲಿಲ್ಲ. ನಮ್ಮ ಅಜ್ಜಿಗೆ ಎಲ್ಲ ಗೊತ್ತು, ದಾದಿ ಯಾಕೆ ಎಂದುಕೊಂಡೆವು.

ಆಮೇಲೆ ಕದ ತೆರೆಯುವ ಹೊತ್ತಿಗೆ ಗೋಡೆ ಪ್ರತಿದಿನ ನನ್ನನ್ನು ಕರೆಯತೊಡಗಿತು. "ಇವತ್ತಾದ್ರೂ ಹೊರಗಾಗು ಮಗಾ. ಹೊರಗಾದ್ರೆ ಎಲ್ಲ ಸರಿ ಹೋಗ್ತೈತೆ." ನನ್ನ ಮಾತನ್ನೇ ಕಲಿತು ನನಗೇ ಹೇಳುತ್ತಿತ್ತು. ಮನೆಮಂದಿಯೆಲ್ಲ ಬೆವರುವಾಗ ನಾನು ಕಂಬಳಿ ಹೊದ್ದು ಕೂರುತ್ತಿದ್ದೆ. ಮುಖ ಊದಿತ್ತು, ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. "ಬಸುರಿ ಹೆಂಗಸಿಗೆ ಇವೆಲ್ಲ ಇದ್ದದ್ದೇ ಕಣೆ, ನಾನೇನು ಹೆತ್ತಿಲ್ವಾ" ಎಂದು ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಅಜ್ಜಿ ಯಾಕೆ ಹೀಗೆ ಶಾಪ ಹಾಕುತ್ತದೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಹತ್ತಿಯನ್ನು ಕಿವಿಗೆ ತುಂಬಿಕೊಂಡು ಮಲಗಿದೆ. ಬಂಡೆಯ ಮನೆ, ದನಿ ಹಾಸಿಗೆಯ ಕೆಳಗಿನಿಂದ ಕೇಳುತ್ತಿತ್ತು.

ಮೂರನೆಯ ತಿಂಗಳಲ್ಲಿ ಹೋಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಮರುದಿನ ಬೆಳಿಗ್ಗೆ ಗೋಡೆ ಕೇಳಿತು, "ಹೊರಗಾದೆಯಾ ಮಗಾ?"

"ಆದೆ ಅಜ್ಜಿ."

"ಒಳ್ಳೇದಾತು ಕಣವ್ವ," ಎಂದು ಕೆಮ್ಮಿತು.

ಆಮೇಲೆ ದಾದಿ ಷಾಹಿದಾ ಬಂದು ಗೋಡೆಯನ್ನು ವಿಚಾರಿಸಿದಾಗ ತಿಳಿಯಿತು. ಹೊರಗಾಗಿಲ್ಲ ಎಂದರೆ ಕದ ದಾಟಿ ಬಿಸಿಲಿಗೆ ಹೋಗಿಲ್ಲ ಎಂದೇ ಅದು ತಿಳಿದಿತ್ತು. ಹೆಚ್ಚಿಗೆ ಕೊಟ್ಟದ್ದು ಬಿಸಿಲು ಕಾಣದವರಿಗೆ ಕೊಡುವ ಸುಣ್ಣದಂಶದ, ಅಂದರೆ ನಿಮ್ಮ ಕ್ಯಾಲ್ಸಿಯಂ ಮಾತ್ರೆ. ಅದನ್ನು ಥೈರಾಯ್ಡ್ ಮಾತ್ರೆಯ ಜೊತೆಗೆ ನುಂಗಿದರೆ ಥೈರಾಯ್ಡಿನದು ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಮೊದಲ ತಿಂಗಳುಗಳಲ್ಲಿ ಕೂಸಿನ ಗ್ರಂಥಿ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ತಾಯಿಯ ಗ್ರಂಥಿರಸವನ್ನೇ ಬಳಸಿಕೊಳ್ಳುತ್ತದೆ. ಹೆಚ್ಚು ಬೇಕಾದ ಹೊತ್ತಿನಲ್ಲಿ ನನ್ನ ಮೈಯಲ್ಲಿ ಕಡಿಮೆಯಾಗಿತ್ತು. "ಇದರಿಂದ್ಲೇ ಹೋಯ್ತು ಅಂತ ಹೇಳಕ್ಕಾಗಲ್ಲ ಅಕ್ಕ, ಸುಮ್ ಸುಮ್ನೆ ಹೋಗೋದೂ ಇರ್ತವೆ" ಎಂದಳು ಷಾಹಿದಾ. ಒಳ್ಳೆಯ ಹುಡುಗಿ. ಆ ಮಾತನ್ನು ನಾನು ದಿನಾ ಒಮ್ಮೆ ನೆನೆಯುತ್ತೇನೆ.

ಬೋರಜ್ಜಿ ಬದುಕಿದ್ದಾಗ ಆ ಮಾತನ್ನು ನೂರಾರು ಸಲ ಆಡಿದ್ದರಂತೆ. ಆದರೆ ಹಿತ್ತಿಲಲ್ಲಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಕೇಳಿದ್ದನ್ನು ಕಲಿತಿಟ್ಟುಕೊಳ್ಳುವ ಗೋಡೆಗೆ ಕೇಳಿಸದ ಹಾಗೆ. ದನಿ ಒಳಗೆ ಉಳಿಯಿತು, ಮಾತು ಹೊರಗೇ ಉಳಿಯಿತು. ಹಿರಿದನಿಗಳಿಗೆ ಕನ್ನಡ ಕಲಿಸಿದ್ದು ನೀವು ಬರೆದಿಟ್ಟ ಕಾಗದಗಳಿಂದ. ಅವುಗಳಲ್ಲೂ ಅದು ಇರಲಿಲ್ಲ ಎಂದು ಕಾಣುತ್ತದೆ.

ಈಗ ನನಗೆ ಮತ್ತೆ ತಿಂಗಳು ನಿಂತಿದೆ. ಇವತ್ತು ಬೆಳಿಗ್ಗೆ ಗೂಡಿನ ಮುಂದೆ ನಿಂತೆ. ಅತ್ತೆ ಓಡಿಬಂದು ಗೋಡೆಗೆ ಕಂಬಳಿ ಅಡ್ಡ ಹಿಡಿದರು, ಅದಕ್ಕೆ ಕಣ್ಣಿದ್ದ ಹಾಗೆ. "ಬ್ಯಾಡ ಕಣೆ, ನಿನ್ನ ಕಾಲಿಗೆ ಬೀಳ್ತೀನಿ, ಒಂದನ್ನ ಕಳ್ಕೊಂಡಿದ್ದೀಯ." ನಾನು ಜೋರಾಗಿಯೇ ಹೇಳಿದೆ, "ಅಜ್ಜಿ, ನಾನು ಬಸುರಿ. ಹೊಟ್ಟೇಲಿ ಕೂಸೈತೆ. ಥೈರಾಯ್ಡ್ ನೋಡ್ಬೇಕು, ದಾದೀನ ಕರಿ."

ಗೋಡೆಯಿಂದ ಉಸಿರೆಳೆದ ಹಾಗೆ ಏನೋ ಕೇಳಿಸಿತು. ಯಂತ್ರಕ್ಕೆ ಉಸಿರಿಲ್ಲ ಎಂದು ಗೊತ್ತಿದ್ದೂ ಹಿಂದೆ ಸರಿದೆ. ಆಮೇಲೆ ಸಣ್ಣದಾಗಿ, "ಕರೀತೀನಿ ಮಗಾ. ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದಿತು.

ಅತ್ತೆ ಕಂಬಳಿ ಕೆಳಗಿಳಿಸಿ ಅಲ್ಲೇ ಕೂತರು. ಮಧ್ಯಾಹ್ನ ರಾಗಿ ಕೇರುತ್ತ, "ನನ್ನ ಎರಡನೇದೂ ಹಂಗೇ ಹೋತು. ಯಾರಿಗೂ ಹೇಳಿರ್ಲಿಲ್ಲ," ಎಂದರು. ಗೋಡೆಯ ಎದುರಿಗೇ ಹೇಳಿದರು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ತಿಂಗಳು ನಿಂತ ಕೂಡಲೇ ಡಾಕ್ಟರಿಗೆ ಹೇಳಿ. ಮೂರು ತಿಂಗಳು ತುಂಬಲೆಂದು ಕಾಯಬೇಡಿ. ಥೈರಾಯ್ಡ್ ಇದ್ದರೆ ಅದನ್ನೂ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಬ್ಬಿಣದ್ದು, ಸುಣ್ಣದಂಶದ್ದು ಏನಾದರೂ ಇದ್ದರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಮತ್ತು ನೀವು ಹಿತ್ತಿಲಲ್ಲಿ ಆಡುವ ಮಾತುಗಳನ್ನು, ಅವುಗಳ ಅರ್ಥದ ಸಮೇತ, ಎಲ್ಲಾದರೂ ಬರೆದಿಡಿ. ಮುಂದೆ ಯಾರು ಯಾವ ಗೋಡೆಗೆ ಏನು ಹೇಳಬೇಕಾಗುತ್ತದೋ ನಿಮಗೆ ತಿಳಿಯದು.

ಕೂಸು ಉಳಿಯುತ್ತದೋ ಇಲ್ಲವೋ ನನಗೂ ತಿಳಿಯದು.

ನಾಳೆ ಬುಧವಾರ. ಬಿಸಿಲೇರುವ ಮೊದಲು ಷಾಹಿದಾ ಬಂದು ರಕ್ತ ತೆಗೆದುಕೊಳ್ಳುತ್ತಾಳೆ.

ಇಂತಿ,
ಸಿರಿಯಕ್ಕ