ಏಡಿಗುಂಡಿಯ ಕಟ್ಟೆಕಲ್ಲು

ಪ್ರವಾಹ ತಿರುಗಿದ ಇನ್ನೂರ ಹನ್ನೊಂದನೆಯ ವರ್ಷ,
ಎರಡನೇ ಕಾರ್ತಿಕದ ಮೂವತ್ತೆಂಟನೆಯ ದಿನ,
ಮೇಲಿನ ಕೇರಿ.

ಕೊಟ್ಟವರಿಗೆ,

ನಮ್ಮ ತಾರೀಕು ನೋಡಿ ನೀವು ಹುಬ್ಬೇರಿಸಬಹುದು. ಕಡಲೊಳಗಿನ ಬೆಚ್ಚನೆಯ ಪ್ರವಾಹ ನಮ್ಮ ದಂಡೆಗೆ ಬೆನ್ನು ಹಾಕಿ, ತೆಂಕಣದ ತಣ್ಣೀರು ಒಳಬಂದ ವರ್ಷದಿಂದ ನಾವು ಎಣಿಸುತ್ತೇವೆ. ಚಳಿ ಮುಗಿಯುವ ಲಕ್ಷಣ ಕಾಣದಿದ್ದರೆ ಕಾರ್ತಿಕವನ್ನೇ ಇನ್ನೊಮ್ಮೆ ಹಿಡಿಯುತ್ತೇವೆ, ಬೇಕಾದಷ್ಟು ಎಳೆಯುತ್ತೇವೆ. ಮಾತು ವಿಚಿತ್ರ ಅನ್ನಿಸಿದರೆ ಕ್ಷಮೆಯಿರಲಿ. ನಿಮ್ಮ ಕನ್ನಡವೇ ಇದು, ತಣ್ಣೀರಲ್ಲಿ ನೆನೆದು ಸ್ವಲ್ಪ ಮುದುಡಿದೆ. ನನ್ನ ಹೆಸರು ಜಟ್ಟಕ್ಕ. ನಾನು ಇಳಿಯುವವಳು. ಎಂದರೆ ದೋಣಿಯಿಲ್ಲದೆ, ದಡದಿಂದಲೇ ನಡೆದು ಕಡಲಿಗಿಳಿದು, ತಳದಿಂದ ಚಿಪ್ಪು, ಏಡಿ, ಪಟ್ಟೆಸೊಪ್ಪೆಂಬ ಕಡಲಪಾಚಿ ತಂದು ಮನೆ ನಡೆಸುವವಳು. ಹೊಸ ಇಳಿತಾಣ ಕಂಡವಳು ಕೊಟ್ಟವರಿಗೆ ಕೃತಜ್ಞತೆಯ ಕಾಗದ ಬರೆದು, ಮೇಣದಲ್ಲಿ ಮುಚ್ಚಿ, ಅದೇ ತಾಣದ ತಳದಲ್ಲಿ ಬಿಟ್ಟುಬರಬೇಕೆಂಬುದು ನಮ್ಮ ಪದ್ಧತಿ. ಕೊಟ್ಟವರು ಎಂದರೆ ನೀವು, ನಮಗಿಂತ ಮುಂಚೆ ಈ ದಂಡೆಯಲ್ಲಿದ್ದವರು. ತಳದಲ್ಲಿ ಬಿಟ್ಟ ಕಾಗದ ನಿಮ್ಮ ಕಾಲಕ್ಕೆ ಹೋಗಿ ಮುಟ್ಟುತ್ತದೆಂದು ನಮ್ಮ ನಂಬಿಕೆ. ಕೃತಜ್ಞತೆ ಬರೆಯೋಣವೆಂದೇ ಕೂತೆ. ಕೈ ಬರೆಯುತ್ತಿರುವುದು ಬೇರೆಯೇ.

ನಿಮಗೆ ಆ ಹೆಸರು ಯಾಕೆಂದು ಹೇಳಿಬಿಡುತ್ತೇನೆ. ನಮ್ಮ ದಂಡೆಯ ಒಳ್ಳೆಯ ತಾಣಗಳೆಲ್ಲ ನೀವು ಕಟ್ಟಿದವು. ನೀರಿಗಿಳಿಯುವ ಮೆಟ್ಟಿಲು, ಕಾಲು ಜಾರದಂಥ ಅಗಲವಾದ ಇಳಿಜಾರು, ತಳದಲ್ಲಿ ಸಾಲುಸಾಲು ಗೋಡೆ. ಪಟ್ಟೆಸೊಪ್ಪು ಮರಳಿನಲ್ಲಿ ಬೇರು ಬಿಡುವುದಿಲ್ಲ, ಅದಕ್ಕೆ ಕಲ್ಲೇ ಆಗಬೇಕು. ನೀವು ನಮ್ಮ ಮೇಲಿನ ಅಕ್ಕರೆಯಿಂದ, ಮೊಮ್ಮಕ್ಕಳ ಹೊಟ್ಟೆಗೆ ಇರಲಿ ಎಂದು, ಕಡಲ ತಳದಲ್ಲಿ ಗೋಡೆ ಎಬ್ಬಿಸಿಟ್ಟಿರಿ ಎಂದು ನಂಬಿ ಬೆಳೆದವರು ನಾವು. ದುಂಡಗೆ ಕಲ್ಲು ಕಟ್ಟಿದ ಗುಂಡಿಗಳೂ ಅಲ್ಲಲ್ಲಿವೆ. ಕಲ್ಲಿನ ಸಂದಿನಲ್ಲಿ ದಪ್ಪ ದಪ್ಪ ಏಡಿಗಳು ಕೂತಿರುತ್ತವೆ, ಅದಕ್ಕೇ ಏಡಿಗುಂಡಿ ಎನ್ನುತ್ತೇವೆ. ಏಡಿ ಸಾಕಲು ಇಷ್ಟು ಅಚ್ಚುಕಟ್ಟಾಗಿ ತೋಡಿಕೊಟ್ಟ ಜನ ಎಷ್ಟು ಒಳ್ಳೆಯವರಿರಬೇಕು! ಇಳಿಯುವ ಮುಂಚೆ ನೀರು ಮುಟ್ಟಿ ನಿಮಗೆ ಶರಣೆನ್ನುತ್ತೇವೆ. ನಮ್ಮ ಮಕ್ಕಳಿಗೆ ನಿಮ್ಮ ಚಿತ್ರ ಬರೆಯಲು ಹೇಳಿದರೆ ಕಾಲ್ಬೆರಳ ನಡುವೆ ಬಾತುಕೋಳಿಯ ಹಾಗೆ ಚರ್ಮ ಬರೆಯುತ್ತವೆ.

ಇನ್ನೊಂದು ಪದ್ಧತಿಯಿದೆ, ನಾನು ಹೀಗೆ ಬರೆಯುತ್ತಿರುವುದೇ ಅದರಿಂದ. ತಾಣ ಕಂಡವಳ ಮಕ್ಕಳು ಅದರ ಪಕ್ಕದಲ್ಲೇ, ನೀರಿಗೆ ಹತ್ತಿರವಾಗಿ ಮನೆ ಕಟ್ಟಬೇಕು. ನೀವೂ ನೀರಿನವರೇ ಆದ್ದರಿಂದ ಹಾಗೇ ಇದ್ದಿರಂತೆ. ನನ್ನ ಮಗಳು ಪದ್ಮಿ ಬಸುರಿ. ನೀರಂಚಿನ ಕೆಳಗಿನ ತಟ್ಟಿನಲ್ಲಿ ಅವಳ ಮನೆಗೆ ಅಡಿಗಲ್ಲು ಬಿದ್ದಾಗಿದೆ, ಕಾರ್ತಿಕ ಮುಗಿಯುವುದರೊಳಗೆ ಗೋಡೆ ಏಳುತ್ತದೆ.

ತಾಣ ಹುಡುಕುವುದು ಬಾಯಲ್ಲಿ ಹೇಳಿದಷ್ಟು ಸುಲಭದ ಕೆಲಸವಲ್ಲ. ಮೊದಲು ಗುಡ್ಡದ ತುದಿಯಲ್ಲಿ ಕೂತು, ಉಬ್ಬರ ಇಳಿತ ಎರಡನ್ನೂ ಸುಮ್ಮನೆ ನೋಡಬೇಕು. ಸೊಪ್ಪಿನ ತಲೆಗಳೆಲ್ಲ ಒಂದೇ ಕಡೆ ಬಾಗಿದ್ದರೆ ಅಲ್ಲಿ ಸೆಳೆತವಿದೆ, ಆ ಕಡೆ ತಿರುಗಿಯೂ ನೋಡಬಾರದು. ನೊರೆ ನಿಂತು ನಿಂತು ಕರಗುವ ಜಾಗ ಒಳ್ಳೆಯದು. ಬಡಗಣ ಗಾಳಿಗೆ ಗುಡ್ಡ ಅಡ್ಡವಿರಬೇಕು. ಎಲ್ಲಕ್ಕಿಂತ ಮೊದಲು ಹತ್ತಿಬರುವ ದಾರಿ ನೋಡಬೇಕು, ಯಾಕೆಂದರೆ ಇಳಿಯುವಾಗ ಇದ್ದ ಕೈಕಾಲು ಹತ್ತುವಾಗ ಇರುವುದಿಲ್ಲ. ನಾವು ಹಾಕುವುದು ಕೊಬ್ಬಂಗಿ, ಎಂದರೆ ಸೊಪ್ಪಿನ ಅಂಟಿಗೆ ಮೀನಿನ ಕೊಬ್ಬು ಸವರಿದ ದಪ್ಪ ಅಂಗಿ. ಸೊಂಟಕ್ಕೆ ಗಾಳಿ ತುಂಬಿದ ಉಸಿರುಬುರುಡೆ ಕಟ್ಟಿಕೊಳ್ಳುತ್ತೇವೆ. ಎಷ್ಟೇ ಮಾಡಿದರೂ ಬೆರಳು ಮರಗಟ್ಟುತ್ತವೆ, ನಮ್ಮ ಅಂಗಿಯ ಗಂಟು ಬಿಚ್ಚಲೂ ಇನ್ನೊಬ್ಬರು ಬೇಕು. ಅದಕ್ಕೇ ದಡದಲ್ಲಿ ಬೆಂಕಿ ಹಾಕಿ ಕಾಯುವವಳೊಬ್ಬಳು ಇರಲೇಬೇಕು. ನನ್ನ ಬೆಂಕಿ ಕಾಯುವವಳು ಪದ್ಮಿಯೇ.

ಹೊಳೆ ಕಡಲು ಸೇರುವಲ್ಲಿ ಬಡಗಣ ದಿಬ್ಬದ ಬುಡಕ್ಕೆ ನಾನು ಕಂಡ ತಾಣ ಅಂಥ ಎಲ್ಲ ಗುಣವೂ ಇರುವಂಥದ್ದು. ಮೊದಲ ಸಲ ಇಳಿದಾಗ ಖುಷಿಗೆ ಬುರುಡೆಯ ಗಾಳಿಯನ್ನೆಲ್ಲ ನಗುತ್ತಲೇ ಮುಗಿಸಿಬಿಟ್ಟೆನೋ ಏನೋ. ಮೆಟ್ಟಿಲಿಳಿದರೆ ಅಂಗಳದಂಥ ಚಪ್ಪಟೆ ಜಾಗ, ಅದರಾಚೆ ಒಂದು ಏಡಿಗುಂಡಿ, ಪಕ್ಕದಲ್ಲಿ ಸ್ವಲ್ಪ ಓರೆಯಾಗಿ ನಿಲ್ಲಿಸಿದ, ಮೂಲೆ ಒಡೆದ ಚಪ್ಪಡಿ. ಬುರುಡೆ ಕಟ್ಟಲು ಒಳ್ಳೆಯದಾಯಿತೆಂದುಕೊಂಡೆ. ಗುಂಡಿಯೊಳಗೆ ಬಗ್ಗಲು ಕಟ್ಟೆಕಲ್ಲಿನ ಮೇಲೆ ಕೈಯೂರಿದೆ. ನನ್ನ ನಾಲ್ಕು ಬೆರಳು ನಾಲ್ಕು ಸವಕಲು ಗೀರುಗಳಲ್ಲಿ ಹೋಗಿ ಕೂತವು.

ಆ ಗೀರು ನನಗೆ ಗೊತ್ತು. ಮೇಲಿನ ಕೇರಿಯಲ್ಲಿ ನಮ್ಮ ಬಾವಿಯಿದೆ, ದಿನಾ ಬೆಳಿಗ್ಗೆ ಅದರ ಕಟ್ಟೆಯ ಅಂಥದೇ ಗೀರಿನಲ್ಲಿ ಹಗ್ಗವಿಟ್ಟು ನೀರೆಳೆಯುತ್ತೇನೆ. ನಮ್ಮಮ್ಮ ಎಳೆದಿದ್ದಾಳೆ, ಅವಳಮ್ಮ ಎಳೆದಿದ್ದಾಳೆ, ಗೀರು ಇನ್ನೂ ಬೆರಳಿನಷ್ಟು ಆಳವಾಗಿಲ್ಲ. ಕಡಲ ತಳದಲ್ಲಿ ಬಾವಿ ಯಾಕೆ? ತಲೆಯ ಮೇಲೆ ಅಷ್ಟು ನೀರು ಹೊತ್ತುಕೊಂಡು ಯಾರು ಹಗ್ಗ ಬಿಟ್ಟು ನೀರೆಳೆಯುತ್ತಾರೆ? ತಿರುಗಿ ಓರೆ ಚಪ್ಪಡಿ ನೋಡಿದೆ. ಅದು ಬಟ್ಟೆ ಒಗೆಯುವ ಕಲ್ಲು. ಮೆಟ್ಟಿಲು ನೋಡಿದೆ. ಅದನ್ನು ನೀರಿಗಿಳಿಯಲು ಕಟ್ಟಿದ್ದಲ್ಲ, ಮನೆಗೆ ಹತ್ತಲು ಕಟ್ಟಿದ್ದು. ಹುಟ್ಟಿದಂದಿನಿಂದ ನಾನು ಯಾರ್ಯಾರದೋ ಅಂಗಳದಲ್ಲಿ, ಅಡುಗೆಮನೆಯಲ್ಲಿ ಕಳ್ಳಿಯ ಹಾಗೆ ಓಡಾಡಿ, ಅವರು ಕುಡಿಯುತ್ತಿದ್ದ ಬಾವಿಯಿಂದ ಏಡಿ ಹಿಡಿದು ಮಾರಿದ್ದೆ. ನೀವು ಏನನ್ನೂ ಕೊಟ್ಟಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ಬಿಟ್ಟು ಓಡಿದ್ದಿರಿ.

ದಡಕ್ಕೆ ಹೇಗೆ ಬಂದೆನೋ. ಪದ್ಮಿ ಗಂಟು ಬಿಚ್ಚುತ್ತ, ಬಿಸಿ ಗಂಜಿ ಬಾಯಿಗೆ ಹಿಡಿದು, "ಎಂತಾ ಆಯ್ತೆ ಅಮ್ಮ? ಹೆಣ ಕಂಡವ್ರ ಹಾಂಗೆ ನೋಡ್ತೆಯಲ್ಲೆ!" ಎಂದಳು. ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ನನಗೆ ಅವಳು ಹೆದರುತ್ತಾಳೆಂಬ ಭಯವಿತ್ತು, ನಂಬದೆ ನಕ್ಕದ್ದು ಅದಕ್ಕಿಂತ ಕೆಟ್ಟದಾಗಿತ್ತು.

ಕೇರಿಯ ಹಿರಿಯ ಈರಜ್ಜನ ಬಳಿಗೆ ಹೋದೆ. ತಾಣಗಳ ವಿಷಯದಲ್ಲಿ ಅವನ ಮಾತೇ ಕೊನೆ. ನಮ್ಮಜ್ಜಿ ಕೂತು ಬಲೆ ಹೆಣೆಯುತ್ತಿದ್ದ ಬಂಡೆ ಈಗ ಇಳಿತದಲ್ಲೂ ಕಾಣುವುದಿಲ್ಲ, ನೆನಪಿದೆಯಾ ಎಂದೆ. ಬಂಡೆ ಕುಸಿದದ್ದು ಎಂದ. ಈ ವರ್ಷ ನಮ್ಮ ಬಾವಿಯ ನೀರು ಉಪ್ಪುಪ್ಪಾಗಿದೆಯಲ್ಲ ಎಂದೆ. ಹೆಂಗಸರು ಕೊಡ ಸರಿಯಾಗಿ ತೊಳೆಯುವುದಿಲ್ಲ ಎಂದ. ಕಡಲು ಹತ್ತುತ್ತಿದೆ, ಅವರನ್ನು ಓಡಿಸಿದ್ದೂ ಅದೇ, ಮಗಳ ಮನೆ ಕೆಳಗೆ ಬೇಡ ಎಂದು ಗೋಗರೆದೆ. ಮುದುಕ ಕೋಲು ನೆಲಕ್ಕೆ ಕುಟ್ಟಿದ. "ಕೊಟ್ಟವ್ರಿಗೆ ಹುಚ್ಚು ಹಿಡ್ದಿತ್ತೇನೆ, ಕಡಲು ಬಂದು ತಿನ್ನೂ ಜಾಗ್ದಲ್ಲಿ ಮನೆ ಕಟ್ಟೂಕೆ? ಅವ್ರಿಗೆ ಗೊತ್ತಿರ್ಲಿಲ್ವಾ? ಅವ್ರೇ ಹೇಳ್ಲಿ, ಕೇಳ್ತೆ." ಅದನ್ನೇ ನಿಮ್ಮನ್ನು ಕೇಳುತ್ತೇನೆ. ನಿಮಗೆ ಗೊತ್ತಿರಲಿಲ್ಲವಾ? ಅಷ್ಟು ಚಂದದ ಕಟ್ಟೆ ಕಟ್ಟುವವರಿಗೆ, ಬಾವಿ ಉಪ್ಪಾದದ್ದು ನಾಲಿಗೆಗೆ ತಿಳಿಯಲಿಲ್ಲವಾ? ಅಥವಾ ನಿಮ್ಮಲ್ಲೂ ಒಬ್ಬ ಈರಜ್ಜ ಕೊಡ ತೊಳೆಯಿರಿ ಎಂದನಾ?

ಸಿಟ್ಟಿನಲ್ಲಿ ಬರೆದೆ, ಬಿಡಿ. ಬೈಯಲು ಇಷ್ಟು ದೂರದಿಂದ ಕಾಗದ ಬರೆಯಬೇಕಾಗಿರಲಿಲ್ಲ. ನಿಮ್ಮಿಂದ ನನಗೆ ಒಂದೇ ಒಂದು ಕೆಲಸ ಆಗಬೇಕು.

ನೀವು ಇದನ್ನು ಓದುವಾಗ ಆ ಬಾವಿ ಇನ್ನೂ ಬಿಸಿಲಿನಲ್ಲಿದೆ. ಹೊಳೆ ಕಡಲು ಸೇರುವ ಕಡೆ, ಬಡಗಣ ದಿಬ್ಬದ ಬುಡ. ಬಟ್ಟೆ ಒಗೆಯುವ ಕಲ್ಲಿನ ಮೂಲೆ ಒಡೆದಿರಬಹುದು, ಇಲ್ಲದಿದ್ದರೆ ಇಷ್ಟರಲ್ಲೇ ಒಡೆಯುತ್ತದೆ. ಯಾರಾದರೂ ಉಳಿ ಸುತ್ತಿಗೆ ಹಿಡಿದು ಹೋಗಿ. ಗೀರುಗಳಿರುವ ಕಟ್ಟೆಕಲ್ಲಿನ ಕೆಳಗೆ, ಒಳಗೋಡೆಯಲ್ಲಿ, ಬಗ್ಗಿದರೆ ಕೈಗೆ ಸಿಗುವ ಹಾಗೆ ಇಷ್ಟು ಕೆತ್ತಿ: ಇಲ್ಲಿ ನೀರು ಸಿಹಿಯಾಗಿತ್ತು, ನಾವು ಇಲ್ಲಿದ್ದೆವು, ನೀವು ಮೇಲೆ ಕಟ್ಟಿ. ಆವತ್ತು ಆ ಗೋಡೆಯನ್ನು ಪೂರ್ತಿ ತಡವಿ ನೋಡಿದ್ದೆ, ಒಂದು ಅಕ್ಷರವೂ ಇರಲಿಲ್ಲ. ನೀವು ಇನ್ನೂ ಬರೆದಿಲ್ಲ, ಅಷ್ಟೇ ಎಂದುಕೊಂಡಿದ್ದೇನೆ.

ನಾಳೆ ಇಳಿತದ ಹೊತ್ತಿಗೆ ಈ ಕಾಗದವನ್ನು ನಿಮ್ಮ ಬಾವಿಗೆ ಬಿಡುತ್ತೇನೆ. ಪದ್ಮಿ ದಡದಲ್ಲಿ ಬೆಂಕಿ ಹಾಕಿಕೊಂಡು ಕೂತಿರುತ್ತಾಳೆ, ಅವಳ ಪಕ್ಕದಲ್ಲಿ ಈರಜ್ಜನನ್ನೂ ಕೂರಿಸುತ್ತೇನೆ. ಕಾಗದ ಬಿಟ್ಟ ಕೈಯಲ್ಲೇ ಒಳಗೋಡೆಯನ್ನು ಇನ್ನೊಮ್ಮೆ ಸವರುತ್ತೇನೆ.

ಆಳವಾಗಿ ಕೆತ್ತಿ. ಅಷ್ಟು ಹೊತ್ತಿಗೆ ನನ್ನ ಬೆರಳು ಮರಗಟ್ಟಿರುತ್ತವೆ.

ಇಳಿಯುವವಳು,
ಜಟ್ಟಕ್ಕ