ಹಳೇ ಮನೆಯಲ್ಲೇ ಉಳಿದ ಅಪ್ಪನ ಚುಕ್ಕಿ

ಹೊಸ ಮನೆಯಿಂದ (ಹಳೇದರಿಂದ ಅಲ್ಲ, ಗಮನಿಸು!)
ಭಾನುವಾರ, ಮಧ್ಯಾಹ್ನದ ಊಟ ಆದ ಮೇಲೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಸೊಂಟನೋವು ಕಡಿಮೆ ಆಯ್ತಾ? ರೋಗಿಗಳನ್ನ ಎತ್ತಿ ಕೂರಿಸುವಾಗ ಇನ್ನೊಬ್ಬ ನರ್ಸನ್ನ ಜೊತೆಗೆ ಕರ್ಕೋ ಅಂತ ಎಷ್ಟು ಸಲ ಹೇಳಿದ್ರೂ ನೀನು ಕೇಳೋಳಲ್ಲ. ಎಲ್ಲಾ ಭಾರ ನಾನೇ ಹೊರಬೇಕು ಅನ್ನೋದು ನಿನ್ನ ಹುಟ್ಟುಗುಣ. ಇಲ್ಲಿ ನಾವು ಚೆನ್ನಾಗಿದ್ದೀವಿ. ಪತ್ರ ಬರೆಯೋರೆಲ್ಲ ಈ ಸಾಲು ಬರೀತಾರೆ, ಗೊತ್ತು. ಆದ್ರೆ ನಾನು ಯೋಚನೆ ಮಾಡಿ ಬರೀತಿದ್ದೀನಿ ಕಣೇ: ಅಪ್ಪ ಚೆನ್ನಾಗಿದ್ದಾರೆ, ಅವರ ತಲೆನೂ ಚೆನ್ನಾಗಿದೆ, ಅವರು ಎಲ್ಲೂ ಹೋಗಿರಲೇ ಇಲ್ಲ. ಫೋನ್ ಮಾಡೋಣ ಅಂದ್ರೆ ನೀನು ಎತ್ತಲ್ಲ. ಎತ್ತಿದ್ರೂ ನನ್ನ ಮಾತು ಮುಗಿಯೋ ಮೊದಲೇ ‘ಸುಳ್ಳು ಹೇಳಬೇಡ’ ಅಂತ ಕಟ್ ಮಾಡ್ತೀಯಾ. ಪತ್ರವನ್ನ ಮಧ್ಯದಲ್ಲಿ ಕಟ್ ಮಾಡೋಕಾಗಲ್ಲ ನೋಡು. ಹರಿದು ಹಾಕಬಹುದು, ಆದ್ರೆ ನಿನ್ನ ಕುತೂಹಲ ನನಗೆ ಗೊತ್ತಿಲ್ವಾ, ಕೊನೇವರೆಗೂ ಓದೇ ಓದ್ತೀಯಾ.

ಮೊದಲಿಂದ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಕೆಲಸಕ್ಕೆ ಅಂತ ಊರು ಬಿಟ್ಟು ಹೋದ ಮೇಲಲ್ವಾ ನಾವು ಮನೆ ಬದಲಾಯಿಸಿದ್ದು, ಹಾಗಾಗಿ ಈ ಮನೆ ನೀನು ಕಣ್ಣಾರೆ ನೋಡಿಲ್ಲ. ಬೀದಿಗೆ ಅಂಗಡಿ, ಅಲ್ಲಿ ನಾನು ಕುಶನ್ ಹೊಲೀತೀನಿ. ಅದರ ಹಿಂದೆ ಎರಡು ಕೋಣೆ. ಮರದ ಮೆಟ್ಟಿಲು ಇಳಿದ್ರೆ ನೆಲಮಾಳಿಗೆ, ಅಲ್ಲಿ ಅಪ್ಪನ ಕುರ್ಚಿ ರಿಪೇರಿ. ಸೇತುವೆ ಆಚೆ ಹಳೇ ಮನೆಯಲ್ಲಿ ಮೂರನೇ ಮಹಡಿಗೆ ಸೋಫಾ ಹೊತ್ತು ಹೊತ್ತು ಅವರ ಮೊಣಕಾಲು ಸವೆದು ಹೋಗಿತ್ತು, ಇಲ್ಲಿ ಆ ಕಷ್ಟ ಇಲ್ಲ. ಆದ್ರೆ ಅಪ್ಪ ಏನು ಮಾಡಿದ್ರು ಗೊತ್ತಾ? ಹಳೇ ಮನೆಯ ಕೆಲಸದ ಕೋಣೆ ಹೇಗಿತ್ತೋ ಇಲ್ಲೂ ಹಾಗೇ ಜೋಡಿಸಿಕೊಂಡ್ರು. ಅದೇ ಹಲಗೆ, ಅದರ ಮೇಲೆ ಅದೇ ಸಾಲಲ್ಲಿ ಸುತ್ತಿಗೆ, ಉಳಿ, ಇಕ್ಕಳ. ಅದರ ಪಕ್ಕ ಅದೇ ಹಸಿರು ಪರದೆ. ಅಕ್ಕಾ, ಆ ಪರದೆ ಹಿಂದೆ ಕಿಟಕಿನೇ ಇಲ್ಲ, ಬರೀ ಗೋಡೆ! ಯಾಕಪ್ಪಾ ಅಂದ್ರೆ, ‘ಕೈ ತಾನಾಗೇ ಹೋಗಬೇಕು ಮಗಳೇ, ಕಣ್ಣು ಹುಡುಕಬಾರದು’ ಅಂದ್ರು. ಆ ಪರದೆಯಲ್ಲೇ ವೈಫೈ ಪೆಟ್ಟಿಗೆ ಸುತ್ತಿಕೊಂಡು ತಂದಿದ್ದು ನಾನು. ಎರಡನ್ನೂ ಒಟ್ಟಿಗೆ ಬಿಚ್ಚಿ ನೆಲಮಾಳಿಗೆಯಲ್ಲೇ ಹಾಕಿದ್ವಿ. ಈ ಮಾತು ಮರೀಬೇಡ, ಆಮೇಲೆ ಬೇಕಾಗುತ್ತೆ.

ಹೋಗೋ ಮುಂಚೆ ನೀನು ನಮ್ಮ ಫೋನುಗಳಿಗೆ ನಾವೆಲ್ಲಿದ್ದೀವಿ ಅಂತ ತೋರಿಸೋ ಆ ನಕ್ಷೆ ಹಾಕಿಕೊಟ್ಟು ಹೋದೆಯಲ್ಲ, ನಿಂದೊಂದು ಚುಕ್ಕಿ, ನಂದೊಂದು, ಅಪ್ಪಂದೊಂದು. ನಾನಂತೂ ಅದನ್ನ ತೆಗೆದು ನೋಡಿದವಳೇ ಅಲ್ಲ, ಯಾರು ಎಲ್ಲಿದ್ದಾರೆ ಅಂತ ಕೂಗಿದ್ರೆ ಗೊತ್ತಾಗಲ್ವಾ ಅನ್ನೋಳು ನಾನು. ನೀನು ಮಾತ್ರ ದಿನಾ ನೋಡ್ತಿದ್ದೆ. ಒಂದಿನ ಗಾಬರಿಯಾಗಿ ಫೋನ್ ಮಾಡಿದೆ: ‘ಅಪ್ಪ ದಿನಾ ಬೆಳಿಗ್ಗೆ ಹಳೇ ಮನೆಗೆ ಹೋಗ್ತಾರೆ, ಸಂಜೆ ವಾಪಸ್ ಬರ್ತಾರೆ, ನಿನಗೆ ಗೊತ್ತೇ ಇಲ್ವಾ?’ ನಾನು ಕೆಳಗೆ ಇಳಿದು ನೋಡಿದಾಗೆಲ್ಲ ಅಪ್ಪ ಅಲ್ಲೇ ಕೂತು ಕುರ್ಚಿ ಕಾಲಿಗೆ ಅಂಟು ಹಚ್ತಿದ್ರು. ಹಾಗಂತ ಹೇಳಿದ್ರೆ, ‘ಈಗಷ್ಟೇ ವಾಪಸ್ ಬಂದಿರ್ತಾರೆ, ಚುಕ್ಕಿ ತಡವಾಗಿ ಕದಲುತ್ತೆ, ಹಿಂದಿನ ಬಾಗಿಲಿಂದ ಹೋಗ್ತಿರಬೇಕು’ ಅಂದೆ ನೀನು. ಹೊಲಿಗೆ ಮೆಷಿನ್ ಸದ್ದಲ್ಲಿ ನನಗೆ ಕೇಳಿಸಿರಲ್ಲ ಅಂದೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ರೆ ನಿನಗೆ ಕಂಡಿದ್ದೇನು? ಅದೇ ಹಲಗೆ, ಅದೇ ಹಸಿರು ಪರದೆ. ‘ನೋಡು, ಖಾಲಿ ಬಿದ್ದಿರೋ ಮನೇಲಿ ಕೂತಿದ್ದಾರೆ, ಹಲಗೆ ಮೊಳೆಗೆ ಹಳೇ ಬೀಗದ ಕೈ ಬೇರೆ ನೇತುಹಾಕಿದ್ದಾರೆ!’ ಅಂತ ಅತ್ತುಬಿಟ್ಟೆ. ಮೊಣಕಾಲು ನೋವಿನ ಮನುಷ್ಯ ಕಣ್ಣು ಮಿಟುಕಿಸೋದರೊಳಗೆ ಸೇತುವೆ ದಾಟಿ ಮೂರು ಮಹಡಿ ಹತ್ತಿದ್ದು ಹೇಗೆ ಅಂತ ನಾವಿಬ್ಬರಲ್ಲಿ ಒಬ್ಬರಾದ್ರೂ ಕೇಳಬೇಕಿತ್ತು. ಕೇಳಲಿಲ್ಲ. ಯಾಕಂದ್ರೆ ನೀನು ಮೆಲ್ಲಗೆ ಒಂದು ಮಾತು ಹೇಳಿದೆ, ‘ಅಮ್ಮನಿಗೂ ಹೀಗೇ ಶುರುವಾಗಿದ್ದು ಕಣೇ.’ ಅಮ್ಮನ ಮರೆವಿನ ಕಾಯಿಲೆ ನೆನಪಾಗಿ ನಾನು ಫೋನ್ ಇಟ್ಟುಬಿಟ್ಟೆ.

ಆಮೇಲಿನದು ನಿನಗೆ ಗೊತ್ತಿಲ್ಲ, ಬರೆಯೋಕೂ ಕಷ್ಟ ಆಗ್ತಿದೆ. ನೀನು ಅಪ್ಪನಿಗೇ ನೇರವಾಗಿ ಹೇಳಿದೆಯಲ್ಲ, ನಮ್ಮ ಆಸ್ಪತ್ರೆಯ ಮರೆವಿನ ವಾರ್ಡಲ್ಲಿ ಹಾಸಿಗೆ ಹಿಡಿದಿಟ್ಟಿದ್ದೀನಿ, ಮುಂದಿನ ತಿಂಗಳು ಗಾಡಿ ತಗೊಂಡು ಬರ್ತೀನಿ ಅಂತ. ಅಪ್ಪ ಜಗಳ ಆಡಲಿಲ್ಲ. ಆಡಿದ್ರೆ ಚೆನ್ನಾಗಿತ್ತು. ‘ದೊಡ್ಡವಳು ಇಂಥವರನ್ನೇ ದಿನಾ ನೋಡೋಳು, ಸುಮ್ಸುಮ್ನೆ ಹೇಳ್ತಾಳಾ?’ ಅಂದ್ರು. ಮಾರನೇ ದಿನದಿಂದ ಹಿಂದಿನ ಬಾಗಿಲ ಹೊಸ್ತಿಲ ಮುಂದೆ ಮರದ ಹೊಟ್ಟು ಚೆಲ್ಲೋಕೆ ಶುರು ಮಾಡಿದ್ರು. ನಾನು ದಿನಾ ಗುಡಿಸಿ ಗುಡಿಸಿ ರೇಗಾಡಿದೆ. ಒಂದು ಸಂಜೆ ನೋಡ್ತೀನಿ, ಬಗ್ಗಿ, ಕನ್ನಡಕ ಹಾಕ್ಕೊಂಡು, ಆ ಹೊಟ್ಟಿನ ಮೇಲೆ ತಮ್ಮದೇ ಚಪ್ಪಲಿ ಗುರುತು ಹುಡುಕ್ತಿದ್ದಾರೆ! ‘ಹೆಜ್ಜೆ ಇಲ್ಲ ಮಗಳೇ. ಹೆಜ್ಜೆನೇ ಇಲ್ದೆ ನಾನು ಹೇಗೆ ಹೋದೆ?’ ಅಂದ್ರು. ಬೆಳಿಗ್ಗೆ ಹೊತ್ತು ಇನ್ನೊಂದು ಚಾಳಿ. ಬೀದಿ ಬಾಗಿಲು ತೆರೆದೇ ಇರ್ತಿತ್ತು, ಇವರು ಹೊರಗೆ ನಿಂತು ಬೀಗದ ತೂತಿನ ಹತ್ತಿರ ಕೈಯಾಡಿಸ್ತಿದ್ರು. ಅದನ್ನ ನೋಡಿದಾಗ ನಿನ್ನ ಮಾತೇ ನಿಜ ಅನ್ನಿಸಿಬಿಡ್ತು. ಒಂದಿನ ಊಟಕ್ಕೆ ಕರೆಯೋಕೆ ಇಳಿದಾಗ, ಹಸಿರು ಪರದೆ ಸರಿಸಿ ಹಿಂದಿನ ಗೋಡೆ ಮುಟ್ತಾ ನಿಂತಿದ್ರು. ನನ್ನ ನೋಡಿ ತುಂಬಾ ಸಣ್ಣ ದನಿಯಲ್ಲಿ ಕೇಳಿದ್ರು, ‘ನಿಜ ಹೇಳು, ನಾವು ಮನೆ ಬದಲಾಯಿಸಿದ್ದು ಹೌದಾ?’ ಅಕ್ಕಾ, ಹೌದಪ್ಪಾ ಅಂತ ಹೇಳಿ ಮೇಲೆ ಬಂದು ಹೊಲಿಗೆ ಮೆಷಿನ್ ಜೋರಾಗಿ ಓಡಿಸಿಕೊಂಡು ಅತ್ತೆ.

ಈಗ ನಗೋ ಭಾಗ. ಹೋದ ಬುಧವಾರ ಹಲ್ಲಿನ ಡಾಕ್ಟರಿಗೆ ಕುರ್ಚಿ ಕೊಡೋದಿತ್ತು. ಅಪ್ಪನ ತಲೆ ಮೇಲೊಂದು, ನನ್ನ ತಲೆ ಮೇಲೊಂದು. ಹಣ್ಣಿನಂಗಡಿ ತಿರುವಿನ ಹತ್ತಿರ ನಿನ್ನ ಫೋನ್ ಬಂತು. ‘ಅಪ್ಪ ಈಗ್ಲೂ ಅಲ್ಲೇ ಇದ್ದಾರೆ, ಹೋಗಿ ಕರ್ಕೊಂಡು ಬಾ!’ ಅಂದೆ. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಅಪ್ಪ ತಲೆ ಮೇಲೆ ಕುರ್ಚಿ ಇಟ್ಕೊಂಡು ಹಣ್ಣಿನವಳ ಹತ್ತಿರ ಚೌಕಾಸಿ ಮಾಡ್ತಿದ್ದಾರೆ. ‘ಅಕ್ಕಾ, ಅಪ್ಪ ನನ್ನ ಪಕ್ಕದಲ್ಲೇ...’ ಅಂದೆ, ನೀನು ‘ಸುಳ್ಳು ಹೇಳಬೇಡ’ ಅಂತ ಕಟ್ ಮಾಡಿದೆ. ಆಮೇಲೆ ಎತ್ತಲೇ ಇಲ್ಲ. ನಾನು ಅಪ್ಪನ ಜೇಬು ತಡಕಿದೆ, ಫೋನಿಲ್ಲ. ಎಲ್ಲಿ ಅಂದ್ರೆ ‘ಕೆಳಗೆ ಚಾರ್ಜಿಗೆ ಹಾಕಿದ್ದೀನಲ್ಲ’ ಅಂದ್ರು. ನೀನು ಹೇಳಿದ್ದನ್ನ ಹೇಳಿದೆ. ಅಪ್ಪ ಕುರ್ಚಿ ಇಳಿಸಿ ಫುಟ್‌ಪಾತ್ ಮಧ್ಯದಲ್ಲೇ ಇಟ್ಟು ಅದರ ಮೇಲೆ ಕೂತ್ಕೊಂಡ್ರು. ‘ಹಾಗಾದ್ರೆ ಹೋಗ್ತಿದ್ದಿದ್ದು ನಾನಲ್ಲ!’ ಅಂದ್ರು. ನಗ್ತಾ ಇದ್ರು, ಕಣ್ಣಲ್ಲಿ ನೀರು ಇಳೀತಾ ಇತ್ತು. ಜನ ಸುತ್ತು ಹಾಕ್ಕೊಂಡು ಹೋಗ್ತಿದ್ರು. ಹೋಗ್ಲಿ ಬಿಡು ಅಂತ ನಾನೂ ನನ್ನ ಕುರ್ಚಿ ಇಳಿಸಿ ಪಕ್ಕದಲ್ಲೇ ಕೂತೆ. ಹಣ್ಣಿನವಳು ಏನೂ ಗೊತ್ತಿಲ್ದೇನೇ ತಾನೂ ನಕ್ಕು, ಅವರು ಕೇಳಿದ ಬೆಲೆಗೇ ಕೊಟ್ಟಳು.

ಮನೆಗೆ ಬಂದವರೇ ಅಪ್ಪ ಅಂಗಿ ತೋಳು ಮಡಚಿದ್ರು. ಕುರ್ಚಿ ಅಲ್ಲಾಡಿದ್ರೆ ಯಾವ ಕಾಲು ಕೆಟ್ಟಿದೆ ಅಂತ ಒಂದೊಂದೇ ಕಾಲು ಹಿಡಿದು ನೋಡಬೇಕಂತೆ. ಅವರು ಫೋನ್ ಹಿಡ್ಕೊಂಡು ಬೀದಿಗೆ ಹೋದ್ರು, ನಾನು ಅಂಗಡಿಯಲ್ಲಿ ನಕ್ಷೆ ನೋಡ್ತಾ ಕೂತೆ. ಚುಕ್ಕಿ ಇಲ್ಲೇ ಇತ್ತು. ಹಳೇ ಮನೆಯಿಂದ ತಂದಿದ್ದು ಅಂತ ವೈಫೈ ಪೆಟ್ಟಿಗೆಯನ್ನ ಮೊದಲೇ ಆರಿಸಿಟ್ಟಿದ್ರು, ಫೋನ್ ಹಿಡ್ಕೊಂಡು ನೆಲಮಾಳಿಗೆಗೆ ಇಳಿದ್ರು, ಆಗ್ಲೂ ಚುಕ್ಕಿ ಕದಲಲಿಲ್ಲ. ‘ಈಗ ಹಾಕ್ಲಾ?’ ಅಂತ ಕೆಳಗಿಂದ ಕೂಗಿದ್ರು, ‘ಹಾಕಿ!’ ಅಂದೆ. ಪೆಟ್ಟಿಗೆ ದೀಪ ಹತ್ತಿ ಸ್ವಲ್ಪ ಹೊತ್ತಿಗೆ ಚುಕ್ಕಿ ಟಣ್ ಅಂತ ಸೇತುವೆ ಹಾರಿ ಹಳೇ ಮನೆಯಲ್ಲಿ ಕೂತಿತು! ‘ಹೋದ್ರಪ್ಪಾ ನೀವು, ಹೋಗೇಬಿಟ್ರಿ!’ ಅಂತ ನಾನು ಕಿರುಚಿದೆ. ಅಪ್ಪ ಕೆಳಗಿಂದ ‘ಅಲ್ಲಿ ಎಲ್ಲರೂ ಕ್ಷೇಮನಾ ಕೇಳು’ ಅಂದ್ರು. ಎಷ್ಟು ದಿನ ಆಗಿತ್ತು ಅಕ್ಕಾ, ಅವರು ತಮಾಷೆ ಮಾಡಿ!

ಯಾಕೆ ಹೀಗೆ ಅಂತ ಮೊಬೈಲ್ ಅಂಗಡಿಯ ಹುಡುಗಿ ಹೇಳಿದಳು, ನನಗೆ ತಿಳಿದಷ್ಟು ಬರೀತೀನಿ. ಫೋನು ತಾನೆಲ್ಲಿದ್ದೀನಿ ಅಂತ ತಿಳ್ಕೊಳ್ಳೋದು ಮೇಲೆ ಸುತ್ತೋ ಉಪಗ್ರಹಗಳನ್ನ ಕೇಳಿ. ನಮ್ಮ ನೆಲಮಾಳಿಗೆಗೆ ಉಪಗ್ರಹ ಇರ್ಲಿ, ಮೊಬೈಲ್ ಸಿಗ್ನಲ್ಲೂ ಇಳಿಯಲ್ಲ. ಆಗ ಅದು ಕುರುಡರು ಗೋಡೆ ತಡವಿದ ಹಾಗೆ ಸುತ್ತ ಯಾವ ವೈಫೈ ಪೆಟ್ಟಿಗೆ ಇದೆ ಅಂತ ತಡಕುತ್ತಂತೆ. ಪ್ರತಿ ಪೆಟ್ಟಿಗೆಗೂ ತಯಾರಾಗುವಾಗಲೇ ಕೊಟ್ಟ ಒಂದು ನಂಬರ್ ಇರುತ್ತೆ, ಅದೇ ಅದರ ವಿಳಾಸ. ಯಾವ ನಂಬರಿನ ಪೆಟ್ಟಿಗೆ ಯಾವ ಬೀದಿಯಲ್ಲಿದೆ ಅನ್ನೋ ದೊಡ್ಡ ಪಟ್ಟಿ ಫೋನ್ ಕಂಪನಿಗಳ ಹತ್ತಿರ ಇರುತ್ತೆ. ನಮ್ಮ ಪೆಟ್ಟಿಗೆ ವರ್ಷಗಟ್ಟಲೆ ಹಳೇ ಮನೆಯಲ್ಲಿತ್ತಲ್ಲ, ಪಟ್ಟಿಯಲ್ಲಿ ಅದು ಇನ್ನೂ ಅಲ್ಲೇ ಇದೆ. ನಾವು ಮನೆ ಬದಲಾಯಿಸಿದ್ದು ಹಾಲಿನವರಿಗೆ ಹೇಳಿದ್ವಿ, ಅಂಚೆಯವರಿಗೆ ಹೇಳಿದ್ವಿ, ಆ ಪಟ್ಟಿಗೆ ಯಾರು ಹೇಳ್ತಾರೆ? ಅಕ್ಕಪಕ್ಕದಲ್ಲಿ ಬೇರೆ ಪೆಟ್ಟಿಗೆ ಇದ್ದಿದ್ರೆ ಫೋನಿಗೆ ಅನುಮಾನ ಬರ್ತಿತ್ತೇನೋ, ಆದ್ರೆ ನಮ್ಮ ಗೋಡೆ ದಪ್ಪಕ್ಕೆ ಯಾರದ್ದೂ ಸಿಗಲ್ಲ. ಬೀದಿಗೆ ಬಂದ್ರೆ ಆಕಾಶ ಸಿಗುತ್ತೆ, ನಿಜ ಹೇಳುತ್ತೆ. ಹಾಗಾಗಿ ಅಪ್ಪ ಕೆಲಸಕ್ಕೆ ಇಳಿದಾಗೆಲ್ಲ ನಿನ್ನ ಲೆಕ್ಕದಲ್ಲಿ ಹಳೇ ಮನೆಗೆ ಹೋದ್ರು, ಸಂಜೆ ಗಾಳಿಗೆ ಹೊರಗೆ ಬಂದಾಗ ವಾಪಸ್ ಬಂದ್ರು. ಮಗುನ ಕಂಕುಳಲ್ಲಿಟ್ಕೊಂಡು ಊರೆಲ್ಲ ಹುಡುಕಿದ್ವಿ ಕಣೇ ನಾವು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಪೆಟ್ಟಿಗೆ ವಿಳಾಸ ತಪ್ಪಿದ್ರೆ ಅಪ್ಪನ್ನ ವಾರ್ಡಿಗೆ ಸೇರಿಸೋಕೆ ಹೊರಟಿದ್ವಿ!

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಬುಧವಾರದವರೆಗೂ ಬೆಟ್ಟದಷ್ಟಿತ್ತು, ಈಗಿಲ್ಲ. ಅಮ್ಮ ನಿನ್ನ ಕೈ ಹಿಡ್ಕೊಂಡು ‘ನೀನು ಯಾರಮ್ಮಾ’ ಅಂತ ಕೇಳಿದ್ದನ್ನ ನಾನು ಮರೆತಿಲ್ಲ. ಅಂಥ ವಾರ್ಡಿಗೇ ನೀನು ಕೆಲಸಕ್ಕೆ ಸೇರಿದ್ದು ಯಾಕೆ ಅನ್ನೋದೂ ನನಗೆ ಗೊತ್ತು. ಹೆದರಿದವರಿಗೆ ಹಗ್ಗನೂ ಹಾವೇ. ಆದ್ರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಇನ್ಮೇಲೆ ಚುಕ್ಕಿ ನೋಡಿದ ಮೇಲೆ ತಂಗಿಯನ್ನೂ ಒಂದು ಮಾತು ಕೇಳು, ಪೂರ್ತಿ ಕೇಳು. ಆ ಹಾಸಿಗೆಯನ್ನ ನಿಜವಾಗಿ ಬೇಕಾದವರಿಗೆ ಕೊಟ್ಟುಬಿಡು, ನಾಳೆನೇ. ನಾವು ಇಂಟರ್ನೆಟ್ಟಿನವರಿಗೆ ಹೇಳಿ ಹೊಸ ಪೆಟ್ಟಿಗೆ ಹಾಕಿಸಿದ್ದೀವಿ. ನಕ್ಷೆ ತೆಗೆದು ನೋಡು, ಅಪ್ಪ ನನ್ನ ಪಕ್ಕದಲ್ಲೇ ಇದ್ದಾರೆ. ನಿಜವಾಗ್ಲೂ ಪಕ್ಕದಲ್ಲೇ, ನಾನು ಬರೆಯೋದನ್ನ ಇಣುಕಿ ಓದ್ತಾ, ‘ಹಣ್ಣಿನವಳ ವಿಷಯ ಯಾಕೆ ಬರೆದೆ’ ಅಂತ ಗೊಣಗ್ತಾ. ಹೊಟ್ಟು ಚೆಲ್ಲೋದು ಬಿಟ್ಟಿದ್ದಾರೆ. ನಿನ್ನೆ ಮೂರು ಕುರ್ಚಿ ಮುಗಿಸಿದ್ರು, ರಾತ್ರಿ ಗೊರಕೆ ಹೊಡೆದು ಮಲಗಿದ್ರು.

ಹೊತ್ತು ಹೊತ್ತಿಗೆ ಊಟ ಮಾಡು. ನಿನ್ನ ಜೊತೆಯ ದಪ್ಪ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನ ಆಗಾಗ ಬೈಯೋಕೆ ಹೇಳು. ಅಪ್ಪನ ಆಶೀರ್ವಾದ ಎಂದಿನಂತೆ ತಲೆ ತುಂಬ. ಈ ಸಲ ಸ್ವಲ್ಪ ಕಿವಿನೂ ಹಿಂಡ್ತಾರಂತೆ.

ನಿನ್ನ ತಂಗಿ,
ಮೆಣಸಿನಕಾಯಿ

ಮರೆತಿದ್ದೆ: ಅಂಟು ಹಚ್ಚಿ ಮುಚ್ಚೋಕೆ ಹೋದೆ, ಅಪ್ಪ ತಡೆದು ಜೇಬಿಂದ ಏನೋ ತೆಗೆದು ಲಕೋಟೆಗೆ ಹಾಕಿದ್ರು. ಗಟ್ಟಿಯಾಗಿ ತಾಗ್ತಿರೋದು ಅದೇ, ಬೀಗದ ಕೈ. ಹಲಗೆ ಮೇಲೆ ನೀನು ನೋಡಿ ಅತ್ತಿದ್ದು ಇದನ್ನೇ. ಹಳೇ ಮನೆಯದನ್ನ ಅವರು ಮನೆ ಬಿಟ್ಟ ದಿನವೇ ಮಾಲೀಕರಿಗೆ ಕೊಟ್ಟಿದ್ರಂತೆ. ಇದು ಈ ಮನೆಯದು, ಬಂದ ದಿನವೇ ನಿನಗೆ ಅಂತ ಮಾಡಿಸಿಟ್ಟಿದ್ದಂತೆ, ನೀನು ಬಂದಾಗ ಕೈಯಲ್ಲೇ ಕೊಡಬೇಕು ಅಂತ. ನೀನು ಅದನ್ನ ಹಳೇದು ಅಂದ ಮೇಲೆ ಅವರಿಗೇ ಅನುಮಾನ ಬಂದು, ದಿನಾ ಬೆಳಿಗ್ಗೆ ಬೀದಿ ಬಾಗಿಲಿಗೆ ಹಾಕಿ ತಿರುಗಿಸಿ ನೋಡ್ತಿದ್ರಂತೆ. ದಿನಾ ತಿರುಗಿತಂತೆ. ಅದೊಂದೇ ಧೈರ್ಯದ ಮೇಲೆ ಇಷ್ಟು ದಿನ ಕೆಳಗೆ ಇಳಿದು ಕೆಲಸ ಮಾಡಿದೆ ಅಂತಾರೆ. ಮುಂದಿನ ತಿಂಗಳು ಗಾಡಿ ಬೇಡ, ನೀನೊಬ್ಬಳೇ ಬಾ. ಬಾಗಿಲು ತಟ್ಟಬೇಡವಂತೆ, ನೀನೇ ತೆಗೆದುಕೊಂಡು ಒಳಗೆ ಬರಬೇಕಂತೆ.